ಹೇಮಾಶ್ರೀಯ ಹೆಪ್ಪು

ರಸಾಯನಶಾಸ್ತ್ರ ಕಲಿಸಿ ಕೂದಲು ನೆರೆತವನು ನಾನು. ಉಪ್ಪನ್ನು ನಂಬಿದವನು. ಇವತ್ತು ಬಾಟಲಿಗೆ ತುಂಬಿ ಬಿರಡೆ ಹಾಕಿಟ್ಟರೆ ಬರುವ ವರ್ಷವೂ ಉಪ್ಪು ಉಪ್ಪಾಗಿಯೇ ಇರುತ್ತದೆ. ಜೀವವಿರುವ ಪದಾರ್ಥ ಹಾಗಲ್ಲ. ಒಂದು ದಿನ ಹೇಳಿದ್ದು ಕೇಳುತ್ತದೆ, ಮರುದಿನ ತನ್ನ ದಾರಿ ಹಿಡಿಯುತ್ತದೆ. ಇದು ನನ್ನ ಅಭಿಪ್ರಾಯ, ಯಾರು ಒಪ್ಪದಿದ್ದರೂ ನನಗೇನೂ ನಷ್ಟವಿಲ್ಲ. ಅರಸೀಕೆರೆಯ ನಮ್ಮ ಖಾಸಗಿ ಕಾಲೇಜಿನವರು ೨೦೦೪ರಲ್ಲಿ ಬಯೋಟೆಕ್ನಾಲಜಿ ಪದವಿ ಶುರುಮಾಡುತ್ತೇವೆ ಎಂದು ಹೊರಟಾಗ, "ಕಲ್ಲೇಶಪ್ಪನವರೇ, ನೀವೇನಂತೀರಿ?" ಎಂದು ಪ್ರಿನ್ಸಿಪಾಲರು ಕೇಳಿದರು. "ಮೊದಲು ಕರೆಂಟ್ ತರಿಸಿ, ಆಮೇಲೆ ಬಯೋಟೆಕ್ನಾಲಜಿ ತರಿಸಿ" ಎಂದೆ. ಕರೆಂಟ್ ಬರಲಿಲ್ಲ. ಬಯೋಟೆಕ್ನಾಲಜಿ ಬಂತು. ಅದರ ಹಿಂದೆಯೇ ಪಾಠ ಮಾಡಲು ಹೇಮಾಶ್ರೀ ಬಂದಳು.

ಜಾವಗಲ್ಲಿನ ನಂಜುಂಡಯ್ಯನವರ ಮಗಳು. ರಾಗಿ ಹೊಲ, ಒಂದಿಷ್ಟು ತೆಂಗು ಇರುವ ಮನೆ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ದಿನಾ ಬೆಳಿಗ್ಗೆ ಜಾವಗಲ್ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಸಂಜೆ ನಿಂತುಕೊಂಡೇ ಹೋಗುತ್ತಿದ್ದಳು. ನೋಡಲು ಮೃದು. ಆದರೆ ಹಿಡಿದದ್ದನ್ನು ಬಿಡುವ ಪೈಕಿಯಲ್ಲ ಎಂದು ಅವಳಪ್ಪ ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಕೊಬ್ಬರಿ ಮಂಡಿಯಲ್ಲಿ ಸಿಕ್ಕಾಗ ಅವರು ಹೇಳಿದ ಕತೆ ಇದು. ಇವಳು ಹೈಸ್ಕೂಲಿನಲ್ಲಿದ್ದಾಗ ತೋಟದ ಅತ್ಯುತ್ತಮ ಮರದ ಕಾಯಿಗಳನ್ನು ಸಸಿಗೆ ಆರಿಸುತ್ತಿದ್ದರಂತೆ. "ಮರದ ಹಾಗೇ ಸಸೀನೂ ಆಗುತ್ತೆ ಅಂತ ಹೆಂಗೆ ಹೇಳ್ತೀಯಪ್ಪ?" ಎಂದು ಇವಳು ಕೇಳಿದಳು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ಅವರು ಗಾದೆ ಹೇಳಿ ಕೈತೊಳೆದುಕೊಂಡರು. ಹುಡುಗಿಗೆ ಗಾದೆ ಸಾಲಲಿಲ್ಲ. ಸಸಿಗಳಿಗೆಲ್ಲ ಕೆಂಪು ಬಣ್ಣದ ಗುರುತು ಹಾಕಿದಳು. ಅದರಲ್ಲಿ ಒಂದನ್ನು ಬೇಲೂರು ರಸ್ತೆಯ ಹೊನ್ನಯ್ಯ ಎನ್ನುವವರು ಕೊಂಡುಹೋದರು. ಪ್ರತಿ ಬೇಸಿಗೆಯಲ್ಲೂ ಇವಳು ಆ ಮನುಷ್ಯನ ತೋಟಕ್ಕೆ ಹೋಗಿ ಸಸಿಯ ಮುಂದೆ ನಿಲ್ಲುತ್ತಿದ್ದಳಂತೆ. ಹೊನ್ನಯ್ಯ ಕೊನೆಗೆ ನಂಜುಂಡಯ್ಯನವರನ್ನೇ ಕೇಳಿದರು: "ಏನ್ರೀ, ಗಿಡ ಮಾರಿದ್ದೀರೋ, ಅಡ ಇಟ್ಟಿದ್ದೀರೋ?"

ಮರ ಫಲಕ್ಕೆ ಬರುವ ಹೊತ್ತಿಗೆ ಅವಳು ಮೈಸೂರಿನಲ್ಲಿದ್ದಳು. ರಜೆಗೆ ಬಂದು ನೋಡಿದರೆ ಕಾಯಿ ಲಿಂಬೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮನೆಗೆ ಬಂದು, "ಅಪ್ಪ, ನಿನ್ ಗಾದೆ ಸುಳ್ಳು" ಎಂದಳಂತೆ. ಇಷ್ಟು ತಿಳಿದಿದ್ದವಳು ಮುಂದೆ ಎಡವಿದ್ದು ಇದೇ ಕಲ್ಲಿಗೆ.

ಅವಳು ಮಾಡಲು ಹೊರಟ ಕೆಲಸವನ್ನು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ನನಗೆ ಹೇಳಿದಳು. "ಜೀವಕೋಶದೊಳಗೆ ಒಂದು ಸ್ವಿಚ್ ಕಟ್ತಾ ಇದ್ದೀನಿ ಸಾರ್."

"ನಮ್ಮ ಗೋಡೆ ಮೇಲಿರೋ ಸ್ವಿಚ್ಚೇ ಕೆಲಸ ಮಾಡಲ್ಲವಲ್ಲಮ್ಮ" ಎಂದೆ.

"ಒಂದು ಮನೇಲಿ ಇಬ್ಬರು ಓರಗಿತ್ತಿಯರು ಅಂತ ಇಟ್ಕೊಳಿ. ಇಬ್ಬರಿಗೂ ಆಗಲ್ಲ. ದೊಡ್ಡೋಳು ಅಡುಗೆಮನೆ ಹಿಡಿದ್ರೆ ಚಿಕ್ಕೋಳನ್ನ ಒಳಗೆ ಬಿಡಲ್ಲ. ಚಿಕ್ಕೋಳು ಹಿಡಿದ್ರೆ ದೊಡ್ಡೋಳು ಹೊರಗೆ. ಯಾರು ಹಿಡಿದ್ರೋ ಅವರೇ ಇರ್ತಾರೆ, ಹೊರಗಿನೋರು ಬಂದು ಎಬ್ಬಿಸೋ ತನಕ. ಎರಡು ಜೀನ್‌ಗಳನ್ನ ಹಂಗೆ ಎದುರುಬದುರು ಕಟ್ಟಿದ್ದೀನಿ. ಒಂದು ಇನ್ನೊಂದರ ಬಾಯಿ ಮುಚ್ಚಿಸುತ್ತೆ."

ದೊಡ್ಡವಳನ್ನು ಅಡುಗೆಮನೆಯಿಂದ ಎಬ್ಬಿಸಿ ಹೊರಗಟ್ಟಲು ಒಂದು ಬಿಳಿ ಪುಡಿ ಚಿಟಿಕೆಯಷ್ಟು ಸಾಕು. ಚಿಕ್ಕವಳನ್ನು ಹೊರಗಟ್ಟಲು ಸ್ವಲ್ಪ ಶಾಖ. ಚಿಕ್ಕವಳ ಸೆರಗಿಗೆ ಹೇಮಾಶ್ರೀ ಇನ್ನೊಂದು ಜೀನನ್ನು ಗಂಟುಹಾಕಿದ್ದಳು. ಅದು ಕಡಲಿನ ಲೋಳೆಮೀನಿನದು, ನೇರಳೆ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಪುಡಿಯನ್ನು ಒಂದೇ ಒಂದು ಸಲ ಹಾಕಿದರೆ ಚಿಕ್ಕವಳು ಒಳಬಂದು ಹಸಿರು ಹತ್ತುತ್ತದೆ. ಆಮೇಲೆ ಪುಡಿ ಇಲ್ಲದಿದ್ದರೂ ಅದು ಹಸಿರಾಗಿಯೇ ಇರಬೇಕು, ಅದರ ಮಕ್ಕಳು ಮೊಮ್ಮಕ್ಕಳೂ ಹಸಿರಾಗಿರಬೇಕು. "ಯಾವತ್ತೋ ಕಂಡದ್ದನ್ನ ಅದು ನೆನಪಿಟ್ಕೋಬೇಕು ಸಾರ್" ಎಂದಳು. ನನ್ನ ವಿದ್ಯಾರ್ಥಿಗಳಿಗೇ ಬರದ ಗುಣವನ್ನು ಇವಳು ಬ್ಯಾಕ್ಟೀರಿಯಾಕ್ಕೆ ಬರಿಸಲು ಹೊರಟಿದ್ದಾಳಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಇಂಥ ಸ್ವಿಚ್ಚನ್ನು ಹೊರದೇಶದವರು ಆಗಲೇ ಮಾಡಿದ್ದರು. ಇವಳದು ತನ್ನದೇ ಜೋಡಣೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಡಾಕ್ಟರ್ ಮಧುಕುಮಾರ್ ಎನ್ನುವವರ ಪ್ರಯೋಗಶಾಲೆಯಲ್ಲಿ ಎರಡು ಬೇಸಿಗೆ ರಜೆ ಕೂತು ಕಟ್ಟಿ ತಂದಿದ್ದಳು. ಅವರ ಕೈಕೆಳಗೆ ಪಿಎಚ್.ಡಿ. ಮಾಡುವ ಆಸೆ. ಸ್ವಿಚ್ಚು ಅರಸೀಕೆರೆಯಲ್ಲೂ ಒಂದೆರಡು ತಿಂಗಳು ನೆನಪು ಹಿಡಿದು ನಿಂತರೆ ಸೇರಿಸಿಕೊಳ್ಳುತ್ತೇನೆ, ನಾನೇ ಬಂದು ನೋಡುತ್ತೇನೆ ಎಂದು ಅವರು ಹೇಳಿದ್ದರು.

ಅವಳ ಪ್ರಯೋಗಶಾಲೆ ಎಂದರೆ ನಮ್ಮ ಹಳೆಯ ಕ್ರೀಡಾ ಸಾಮಗ್ರಿ ಕೊಠಡಿ. ಸಾಮಾನು ಕುದಿಸಲು ಮನೆಯ ಪ್ರೆಶರ್ ಕುಕ್ಕರ್. ಚೆಲ್ಲುವ ಮೊದಲೂ ಪ್ರತಿ ಹನಿಯನ್ನೂ ಅದರಲ್ಲೇ ಕುದಿಸುತ್ತಿದ್ದಳು. ಅಲ್ಲಿಯ ಜೀವ ಬಾಗಿಲು ದಾಟಬಾರದು ಎನ್ನುವುದರಲ್ಲಿ ಬಲು ಬಿಗಿ. ನೇರಳೆ ಬೆಳಕಿನ ದೀಪವನ್ನು ಕಾಲೇಜು ಕೊಡಿಸಲಿಲ್ಲ. ನನ್ನ ಭಾವಮೈದುನ ಗಿಡ್ಡಪ್ಪನ ಕೊಬ್ಬರಿ ಮಂಡಿಯಲ್ಲಿ ಖೋಟಾ ನೋಟು ಹಿಡಿಯಲು ಇಟ್ಟುಕೊಂಡಿದ್ದ ಬ್ಯಾಟರಿ ದೀಪ ಇತ್ತು. ಅದನ್ನು ತಂದುಕೊಟ್ಟೆ. ಮೊದಲ ವಾರ ಅದರ ಕೆಳಗೆ ಗಾಜಿನ ನಳಿಕೆ ಹಿಡಿದಾಗ, ನಾನು ಸತ್ಯವಾಗಿ ಹೇಳುತ್ತೇನೆ, ಬೆರಗಾದೆ. ಎಳೆ ಬಾಳೆಯ ಸುಳಿಯಂಥ ಹಸಿರು. ಅವಳು ಫೋಟೋ ತೆಗೆದು ಬೆಂಗಳೂರಿಗೆ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ಗೋಡೆಗೆ ಅಂಟಿಸಿದಳು.

ಈಗ ತಪ್ಪಿನ ವಿಷಯ. ಬೆಂಗಳೂರಿನಲ್ಲಿ ಇಂಥ ಜೀವಕೋಶಗಳನ್ನು ಮಹಾ ಚಳಿಯ ಪೆಟ್ಟಿಗೆಯಲ್ಲಿ ನಿದ್ರೆ ಮಾಡಿಸಿ ಇಟ್ಟಿರುತ್ತಾರೆ. ಬೇಕಾದಾಗಲೆಲ್ಲ ಅದರಿಂದಲೇ ಚೂರು ಕೆರೆದು ಹೊಸದಾಗಿ ಬೆಳೆಸುತ್ತಾರೆ. ನಮ್ಮ ಕಾಲೇಜಿನ ಫ್ರಿಜ್ಜಿನಲ್ಲಿ ಬೆಳಿಗ್ಗೆ ಮಂಜು, ಮಧ್ಯಾಹ್ನ ನೀರು. ಆದ್ದರಿಂದ ಹೇಮಾಶ್ರೀ ತನ್ನ ಮನೆಯಲ್ಲಿ ಕಂಡದ್ದನ್ನು ಮಾಡಿದಳು. ನಿನ್ನೆಯ ನಳಿಕೆಯಿಂದ ಒಂದು ಹನಿ ತೆಗೆದು, ಬ್ಯಾಕ್ಟೀರಿಯಾ ಉಂಡು ಬೆಳೆಯುವ ಇವತ್ತಿನ ಹೊಸ ಸಾರಿಗೆ ಹಾಕಿದಳು. ನಾಳೆ ಇವತ್ತಿನದರಿಂದ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಅವಳ ಮನೆಯಲ್ಲಿ ಹೆಪ್ಪು ಸಾಮಾನ್ಯ ವಸ್ತುವಲ್ಲ. ಅಜ್ಜಿ ಬೋರಮ್ಮ ಹುಲಿಕೆರೆಯಿಂದ ಮದುವೆಯಾಗಿ ಬಂದಾಗ ತವರಿನಿಂದ ತಂದ ಹೆಪ್ಪಂತೆ ಅದು. ಒಂದು ದಿನವೂ ಆರಿಲ್ಲ, ಹೊರಗಿನ ಹೆಪ್ಪು ಬೆರೆತಿಲ್ಲ. ದೀಪ ಹಚ್ಚಿದ ಮೇಲೆ ಯಾರು ಬಂದು ಬೇಡಿದರೂ ಕೊಡುವುದಿಲ್ಲ. ಆ ಮನೆಯ ಹುಡುಗಿಗೆ ದಿನಾ ತಪ್ಪದೆ ಹೆಪ್ಪು ಹಾಕುವುದೇ ಜೀವವನ್ನು ಕಾಪಾಡುವ ದಾರಿ. ಭಾನುವಾರವೂ ಬಸ್ಸು ಹತ್ತಿ ಬರುತ್ತಿದ್ದಳು. ಮನೆಯವರೆಲ್ಲ ಮಾಲೇಕಲ್ ಬೆಟ್ಟದ ದೇವರಿಗೆ ಹರಕೆ ತೀರಿಸಲು ಟೆಂಪೋದಲ್ಲಿ ಹೊರಟ ದಿನ ಅರಸೀಕೆರೆಯಲ್ಲಿ ಇಳಿದುಕೊಂಡು, ನಳಿಕೆ ಬದಲಾಯಿಸಿ, ಆಮೇಲೆ ಒಬ್ಬಳೇ ಬೆಟ್ಟ ಹತ್ತಿದಳು. ಮೊದಮೊದಲು ದಿನಾ ದೀಪ ಹಿಡಿದು ನೋಡುತ್ತಿದ್ದಳು. ನಂಬಿಕೆ ಬಂದ ಮೇಲೆ ನೋಡುವುದನ್ನು ಬಿಟ್ಟಳು. ಹೆಪ್ಪನ್ನು ಯಾರು ದಿನಾ ಪರೀಕ್ಷೆ ಮಾಡುತ್ತಾರೆ?

೨೦೦೭ರ ಜನವರಿಯಲ್ಲಿ ಮಧುಕುಮಾರ್ ಬಂದರು. ಹೆಂಡತಿ ಮಕ್ಕಳ ಜೊತೆ ಬೇಲೂರು, ಹಳೇಬೀಡು ನೋಡಲು ಹೊರಟವರು, ದಾರಿಯಲ್ಲಿ ನಮ್ಮಲ್ಲಿ ಇಳಿದರು. ಎರಡನೇ ವರ್ಷದ ವಿದ್ಯಾರ್ಥಿಗಳೆಲ್ಲ ಗೋಡೆಗಂಟಿ ನಿಂತಿದ್ದರು. ಕಿಟಕಿಗೆ ಕಪ್ಪು ಬಟ್ಟೆ ಬಿಟ್ಟು ಹೇಮಾಶ್ರೀ ದೀಪ ಹಚ್ಚಿದಳು. ನಳಿಕೆಯಲ್ಲಿ ಕಂಡದ್ದು ದನಕ್ಕಿಡುವ ಕಲಗಚ್ಚಿನ ಬಣ್ಣ. ದೀಪ ಹತ್ತಿರ ತಂದಳು. ಬ್ಯಾಟರಿ ಬದಲಾಯಿಸಿದಳು. ಇನ್ನೊಂದು ನಳಿಕೆ ಹಿಡಿದಳು. ಅದೂ ಕಲಗಚ್ಚೇ.

ಮಧುಕುಮಾರ್ ಗೋಡೆಯ ಮೇಲಿನ ಫೋಟೋವನ್ನು ಒಂದು ಕ್ಷಣ ನೋಡಿದರು. ಆಮೇಲೆ ದೀಪವನ್ನು ತಿರುಗಿಸಿ ನೋಡಿ, "ಇದು ಖೋಟಾ ನೋಟು ಹಿಡಿಯೋ ದೀಪ ಅಲ್ವಾ? ತನ್ನ ಕೆಲಸ ಸರಿಯಾಗೇ ಮಾಡಿದೆ" ಎಂದರು. ವಿದ್ಯಾರ್ಥಿಗಳು ನಕ್ಕರು. ಅರ್ಥವಾದವರು ಕೆಲವರು, ಪಕ್ಕದವರು ನಕ್ಕರೆಂದು ನಕ್ಕವರು ಹಲವರು. ಅವರು ಕಾರು ಹತ್ತಿ ಹೋದರು.

ನನಗೆ ಮೈ ಉರಿದುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೇಷ್ಟ್ರ ಮರ್ಯಾದೆಯನ್ನು ಮಕ್ಕಳ ಮುಂದೆ ಒಡೆದರೆ ಅದನ್ನು ಜೋಡಿಸುವ ಅಂಟು ನನ್ನ ರಸಾಯನಶಾಸ್ತ್ರದಲ್ಲೂ ಇಲ್ಲ. ಮಾರನೆಯ ದಿನ ಅವಳ ತರಗತಿಯ ಕಪ್ಪು ಹಲಗೆಯ ಮೇಲೆ "ಖೋಟಾ ಮಿಸ್" ಎಂದು ಬರೆದಿತ್ತು. ಬರೆದದ್ದು ಭವ್ಯಾ ಎಂಬ ಹುಡುಗಿ ಎಂದು ಅಕ್ಷರದ ದುಂಡಿನಿಂದಲೇ ಎಲ್ಲರಿಗೂ ಗೊತ್ತಾಯಿತು. ಹೇಮಾಶ್ರೀ ಅದನ್ನು ಒರೆಸಿ ಪಾಠ ಶುರುಮಾಡಿದಳು. ಪಾಠ ಮುಗಿಸಿ ಬಂದು ಸ್ಟಾಫ್ ರೂಮಿನ ಮೂಲೆಯಲ್ಲಿ ಅತ್ತಳು. ಅತ್ತು ಮುಗಿಸಿ ಮುಖ ತೊಳೆದು ಬಂದು ಹೇಳಿದಳು: "ಪಿಎಚ್.ಡಿ. ಹೋದ್ರೆ ಹೋಗ್ಲಿ ಸಾರ್. ನಾನು ಸುಳ್ಳು ಫೋಟೋ ಕಳಿಸಿದೆ ಅನ್ನೋ ಮಾತು ಮಾತ್ರ ಉಳೀಬಾರ್ದು."

ಮುಂದಿನ ವಾರ ಮಧುಕುಮಾರರೇ ಫೋನ್ ಮಾಡಿದರು. ಸಿಟ್ಟು ಇಳಿದಿರಬೇಕು. ಬೆಂಗಳೂರಿಗೆ ಬಂದು ಚಳಿಪೆಟ್ಟಿಗೆಯಿಂದ ಮೂಲ ಜೀವಕೋಶ ಹೊಸದಾಗಿ ಒಯ್ಯಿರಿ, ಅದು ಹೊಳೆದರೆ ಸಾಕು, ಹಳೆಯದನ್ನು ಮರೆಯೋಣ ಎಂದರು. ನಾನಾಗಿದ್ದರೆ ಅಂದೇ ರೈಲು ಹತ್ತುತ್ತಿದ್ದೆ.

"ಬೇಡ ಸರ್" ಎಂದಳು ಇವಳು. "ಹೊಸದೂ ಇಲ್ಲಿಗೆ ಬಂದು ಹೀಗೇ ಆಗುತ್ತೆ. ಯಾಕಾಯ್ತು ಅಂತ ಗೊತ್ತಾಗೋ ತನಕ ನಾನು ಬರಲ್ಲ."

ಯಾಕಾಯಿತು ಎಂದು ಹುಡುಕುವುದರಲ್ಲಿ ಒಂದು ತಿಂಗಳು ಹೋಯಿತು. ನೀರು ಬದಲಾಯಿಸಿದಳು, ಸಾರು ಬದಲಾಯಿಸಿದಳು, ಕುಕ್ಕರಿನ ರಬ್ಬರ್ ಕೂಡ ಬದಲಾಯಿಸಿದಳು. ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಭಾನುವಾರ ತೆಂಗಿನ ಸಸಿಯ ವಿಷಯ ಮಾತನಾಡಲು ನಾನು ಜಾವಗಲ್ಲಿಗೆ ನಂಜುಂಡಯ್ಯನವರ ಮನೆಗೆ ಹೋಗಿದ್ದೆ. ಊಟಕ್ಕೆ ನಿಲ್ಲಿಸಿಕೊಂಡರು. ಹುಲಿಕೆರೆಯಿಂದ ಅಜ್ಜಿಯ ತಮ್ಮನ ಹೆಂಡತಿ ತಿಮ್ಮಕ್ಕ ಬಂದಿದ್ದಳು. ಬರುವಾಗ ಒಂದು ಕುಡಿಕೆ ಮೊಸರನ್ನೂ ತಂದಿದ್ದಳು. ಅಲ್ಲಿಗೆ ಯುದ್ಧ ಶುರುವಾಯಿತು.

"ಇದೇನ್ ಮೊಸ್ರೇ ತಿಮ್ಮಿ, ಲೋಳೆಲೋಳೆ? ನಮ್ಮಪ್ಪನ ಮನೆ ಹೆಪ್ಪ ಕೆಡಿಸ್ಬುಟ್ಟಲ್ಲೇ" ಎಂದರು ಬೋರಮ್ಮ.

"ಕೆಡಿಸ್ದೋಳು ನೀನು ಕಣಕ್ಕ. ನಿಂದು ಹುಣಿಸೇಹುಳಿ ಆಗೈತೆ. ಆ ಮನೆ ಒಲೆ ಮುಂದೆ ಇರೋಳು ನಾನು. ಅಸಲು ಹೆಪ್ಪು ನಂದೇಯ."

"ನಾನ್ ತಂದದ್ದು ನೀನು ಆ ಮನೆ ಹೊಸ್ಲು ತುಳಿಯೋಕ್ ಮುಂಚೆ! ಮೇಷ್ಟ್ರೇ, ನೀವು ಓದ್ದೋರು, ನೀವೇ ತಿಂದು ಹೇಳಿ."

ನನ್ನ ಎಲೆಯ ಮೇಲೆ ಎರಡೂ ಬಂದು ಬಿದ್ದವು. ಒಂದು ಗಟ್ಟಿ, ಹುಳಿ. ಇನ್ನೊಂದು ಸಿಹಿ, ಎಳೆದರೆ ದಾರದಂತೆ ಬರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡೂ ಚೆನ್ನಾಗಿವೆ ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡೆ. ಹೇಮಾಶ್ರೀ ಕಲಸಿದ ಅನ್ನದಲ್ಲಿ ಕೈಯಿಟ್ಟು ಹಾಗೆಯೇ ಕೂತುಬಿಟ್ಟಿದ್ದಳು.

"ಅಜ್ಜಿ, ಎರಡೂ ಒಂದೇ ಕುಡಿಕೆಯಿಂದ ಹೊರಟಿದ್ದಾ?"

"ಊಂ ಕಣೇ. ಅದೇ ಹೇಳ್ತಿರೋದು. ನಂದು ಒಂಚೂರೂ ಬದಲಾಗಿಲ್ಲ."

"ನಂದೂ ಆಗಿಲ್ಲ" ಎಂದಳು ತಿಮ್ಮಕ್ಕ.

ಹೇಮಾಶ್ರೀ ಎದ್ದು ಕೈ ತೊಳೆದಳು. "ಸಾರ್, ಅರಸೀಕೆರೆಗೆ ಬಸ್ಸಿದೆ. ಬರ್ತೀರಾ?" ನಾನಿನ್ನೂ ಮಜ್ಜಿಗೆ ಮುಟ್ಟಿರಲಿಲ್ಲ. ಆದರೂ ಹೊರಟೆ.

ನಳಿಕೆಯಲ್ಲಿ ಕೋಟಿಗಟ್ಟಲೆ ಜೀವಕೋಶ ಕಲಸಿಹೋಗಿರುತ್ತವೆ, ಯಾವುದರ ಗುಣ ಯಾವುದೆಂದು ತಿಳಿಯುವುದಿಲ್ಲ. ಅವಳು ಆ ಸಾರನ್ನು ಬಹಳ ತೆಳುಮಾಡಿ ಒಂದು ಗಾಜಿನ ತಟ್ಟೆಯ ಮೇಲೆ ಸವರಿದಳು. ಆಗ ಒಂದೊಂದು ಕೋಶವೂ ಬೇರೆ ಬೇರೆ ಕೂತು ತನ್ನ ವಂಶವನ್ನು ಒಂದೊಂದು ಚುಕ್ಕೆಯಾಗಿ ಬೆಳೆಸುತ್ತದೆ. ಮಾರನೆಯ ದಿನ ಕತ್ತಲೆ ಮಾಡಿ ದೀಪ ಹಿಡಿದಳು. ತಟ್ಟೆ ತುಂಬ ಮಂಕು ಚುಕ್ಕೆಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಎಳೆ ಬಾಳೆಯ ಸುಳಿಯಂಥ ಹಸಿರು.

"ಇದ್ದಾರೆ ಸಾರ್! ಇನ್ನೂ ಇದ್ದಾರೆ!" ಎಂದು ಕೂಗಿದಳು.

ಆದದ್ದೇನು ಎಂದು ಅವಳು ಆಮೇಲೆ ಬಿಡಿಸಿ ಹೇಳಿದಳು. ಸ್ವಿಚ್ಚು ನಡೆಸುವುದು, ಹಸಿರು ತಯಾರಿಸುವುದು ಎಲ್ಲ ಕೋಶಕ್ಕೆ ಹೊರೆ. ಯಾವುದೋ ಒಂದು ಕೋಶದಲ್ಲಿ ಆ ಜೀನ್‌ನ ಅಕ್ಷರ ತಾನಾಗಿ ಕೆಟ್ಟು ಕೆಲಸ ನಿಂತುಹೋಗುತ್ತದೆ. ಹೊರೆ ಇಳಿಯಿತಲ್ಲ, ಅದು ಬೇಗ ಬೇಗ ಮರಿ ಹಾಕುತ್ತದೆ. ದುಡಿಯುವವರು ಹಿಂದೆ ಬೀಳುತ್ತಾರೆ. ದಿನಾ ಹನಿ ಹನಿ ಸಾಗಿಸಿದಂತೆಲ್ಲ ಸೋಮಾರಿಗಳ ಸಂಖ್ಯೆ ಏರಿ ಕೊನೆಗೆ ನಳಿಕೆಯೇ ಅವರದಾಗುತ್ತದೆ. ಉಂಡೂ ಹೋದ, ಕೊಂಡೂ ಹೋದ ಎನ್ನುವ ಜಾತಿ. ಜೀವವಿರುವ ಪದಾರ್ಥದ ಬಗ್ಗೆ ನಾನು ಹೇಳುತ್ತಿದ್ದುದು ಇದೇ ಅಲ್ಲವೇ!

"ಅಪ್ಪನ ಗಾದೆ ಸುಳ್ಳು ಮಾಡಿದೋಳು ನಾನು. ಅಜ್ಜಿ ಹೆಪ್ಪಿನ ಮೇಲೆ ಯಾಕೆ ಅನುಮಾನ ಪಡಲಿಲ್ಲ ಸಾರ್?" ಎಂದಳು.

"ನಿಮ್ಮಜ್ಜಿ ಮೇಲೆ ಅನುಮಾನ ಪಡೋ ಧೈರ್ಯ ಯಾರಿಗಿದೆಯಮ್ಮ" ಎಂದೆ.

ಅವಳು ಅಂದೇ ಬೆಂಗಳೂರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯವರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಮೂಲ ಜೀವಕೋಶ ಬೇಕೇ ಎಂದರಂತೆ. "ಬೇಕು. ಜೊತೆಗೆ ಬೇಸಿಗೆ ರಜೆಗೆ ಕೂರೋಕೆ ಒಂದು ಮೇಜು ಬೇಕು ಸರ್. ಸೋಮಾರಿ ಬದುಕಬಾರದು, ಹಾಗೆ ಕಟ್ತೀನಿ" ಎಂದಳು.

ಕಟ್ಟಿದಳು. ಆಲೋಚನೆ ಸರಳ. ಬದುಕಲು ಬೇಕಾದ ಒಂದು ಪೋಷಕಾಂಶವನ್ನು ತಾನೇ ತಯಾರಿಸಿಕೊಳ್ಳಲಾಗದ ಬ್ಯಾಕ್ಟೀರಿಯಾವನ್ನು ಆರಿಸಿಕೊಂಡಳು. ಅದನ್ನು ತಯಾರಿಸುವ ಜೀನನ್ನು ಓರಗಿತ್ತಿಯರಿಬ್ಬರ ಕೆಲಸಕ್ಕೂ ಗಂಟುಹಾಕಿದಳು. ಅಡುಗೆಮನೆ ಯಾರ ಕೈಯಲ್ಲಾದರೂ ಇರಲಿ, ಹಿಡಿದವಳು ಮುದ್ದೆ ಬೇಯಿಸಲೇಬೇಕು. ಇಬ್ಬರೂ ಕೈಕಟ್ಟಿ ಕೂತರೆ ಮನೆಯೇ ಉಪವಾಸ. ಕೈ ಕೆಸರಾದರೆ ಮಾತ್ರ ಬಾಯಿ ಮೊಸರು. ಮೊದಲ ಸಲ ಕಟ್ಟಿದ್ದು ಸೋತಿತು. ಅಡುಗೆಮನೆ ಒಬ್ಬಳಿಂದ ಇನ್ನೊಬ್ಬಳ ಕೈಗೆ ಹೋಗುವ ಹೊತ್ತಿನಲ್ಲಿ ಒಲೆ ಆರಿ, ನಳಿಕೆಯಲ್ಲಿದ್ದ ಎಲ್ಲ ಕೋಶಗಳೂ ಸತ್ತವು. ಇನ್ನೇನು ರಜೆ ಮುಗಿಯುತ್ತಿದೆ ಎನ್ನುವಾಗ, ಕೈ ಬದಲಾಗುವ ಆ ಸ್ವಲ್ಪ ಹೊತ್ತು ಮಾತ್ರ ಪೋಷಕಾಂಶವನ್ನು ಹೊರಗಿನಿಂದ ಕೊಟ್ಟು ದಾಟಿಸುವ ಉಪಾಯ ಹೊಳೆಯಿತು.

ಜೂನಿನಲ್ಲಿ ಎರಡು ನಳಿಕೆ ತಂದಳು. ಒಂದರಲ್ಲಿ ಚಳಿಪೆಟ್ಟಿಗೆಯಿಂದ ತೆಗೆದ ಹಳೆಯ ಜೋಡಣೆ, ಇನ್ನೊಂದರಲ್ಲಿ ಹೊಸದು. ಎರಡಕ್ಕೂ ನನ್ನ ಮುಂದೆಯೇ ಒಂದೊಂದು ಚಿಟಿಕೆ ಬಿಳಿ ಪುಡಿ ಹಾಕಿ, ಎರಡೂ ಹಸಿರಾದ ಮೇಲೆ ಪುಡಿಯ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. "ನಿಮ್ಮ ಬೀರುವಿನಲ್ಲಿ ಬೀಗ ಹಾಕಿ ಸಾರ್. ಕೀಲಿ ನನಗೆ ಕೊಡಬೇಡಿ. ನಾನು ಕೇಳಿದ್ರೂ ಕೊಡಬೇಡಿ." ಆ ಕೀಲಿಯನ್ನು ನಾನು ಉಡಿದಾರಕ್ಕೆ ಕಟ್ಟಿಕೊಂಡು ಮಳೆಗಾಲ ಪೂರ್ತಿ ಓಡಾಡಿದೆ. ನನ್ನ ಹೆಂಡತಿ ಇದೇನು ಹೊಸ ವೇಷ ಎಂದು ನಕ್ಕಳು.

ಅವಳು ಹೆಪ್ಪು ಹಾಕುವುದನ್ನು ಬಿಡಲಿಲ್ಲ. ಎಡವಿದ ದಾರಿಯಲ್ಲೇ ನಡೆದು ತೋರಿಸಬೇಕು ಎನ್ನುವ ಹಠ. ಅದೇ ಬಸ್ಸು, ಅದೇ ಭಾನುವಾರ, ಅದೇ ಹನಿ. ಗೌರಿಹಬ್ಬದ ಹೊತ್ತಿಗೆ ಹಳೆಯದು ಮಂಕಾಗಿ ಕಲಗಚ್ಚಿಗೆ ತಿರುಗಿತು. ಹೊಸದು ಹಸಿರಾಗಿಯೇ ಇತ್ತು. ದೀಪಾವಳಿ ಕಳೆದ ಮೇಲೆ ಅವಳು ಮಧುಕುಮಾರರಿಗೆ, "ಈಗ ಬನ್ನಿ ಸರ್" ಎಂದಳು.

ಈ ಸಲ ಅವರು ಒಬ್ಬರೇ ರೈಲಿನಲ್ಲಿ ಬಂದರು. ಕೊಠಡಿಯಲ್ಲಿ ನಾವು ಮೂವರೇ. ವಿದ್ಯಾರ್ಥಿಗಳನ್ನು ಹೊರಗೆ ನಿಲ್ಲಿಸಿ ಎಂದು ಅವರೇ ಹೇಳಿದ್ದರು. ಕರೆಂಟ್ ಹೋಗಿತ್ತು, ಅದನ್ನು ಬೇರೆ ಹೇಳಬೇಕಾಗಿಲ್ಲ. ಹೇಮಾಶ್ರೀ ದೀಪವನ್ನು ಅವರ ಕೈಗೇ ಕೊಟ್ಟಳು.

"ಯಾವುದನ್ನು ನೋಡಲಿ?"

"ಕೆಟ್ಟಿದ್ದನ್ನ ಮೊದಲು ನೋಡಿ ಸರ್."

ಅವರು ಹಳೆಯ ನಳಿಕೆ ನೋಡಿದರು, ಅದರ ತಟ್ಟೆಯನ್ನೂ ನೋಡಿದರು. ಮಂಕು ಚುಕ್ಕೆಗಳ ನಡುವೆ ಉಳಿದಿದ್ದ ಎರಡು ಹಸಿರು ಚುಕ್ಕೆಗಳ ಮೇಲೆ ದೀಪ ಬಹಳ ಹೊತ್ತು ನಿಂತಿತು. ಆಮೇಲೆ ಹೊಸದರ ಮೇಲೆ ಹಿಡಿದರು. ಕತ್ತಲೆಯಲ್ಲಿ ಅವರ ಬೆರಳುಗಳೂ ಹಸಿರಾದವು. ಪುಡಿ ಎಲ್ಲಿದೆ ಎಂದು ಕೇಳಿದರು. ನಾನು ಉಡಿದಾರ ಬಿಚ್ಚಿ ಕೀಲಿ ತೋರಿಸಿದೆ. "ಜೂನಿನಿಂದ ನನ್ನ ಸೊಂಟದಲ್ಲಿದೆ. ನನ್ನ ಮೇಲೂ ಅನುಮಾನವಿದ್ದರೆ ಹೇಳಿಬಿಡಿ" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಹೊಸದು ಯಾವತ್ತೂ ಕೆಡಲ್ವಾ?" ಎಂದು ಅವಳನ್ನು ಕೇಳಿದರು.

"ಕೆಡುತ್ತೆ ಸರ್. ಯಾವತ್ತಾದ್ರೂ ಒಂದು ಕೋಶ ಉಪಾಯ ಹುಡುಕುತ್ತೆ. ತಡ ಆಗುತ್ತೆ ಅಷ್ಟೇ. ಕೆಡೋದೇ ಇಲ್ಲ ಅಂದ್ರೆ ಅದು ಸುಳ್ಳು."

ಮಧುಕುಮಾರ್ ದೀಪ ಆರಿಸಿ ಕಿಟಕಿಯ ಬಟ್ಟೆ ಸರಿಸಿದರು. "ಒಳ್ಳೆ ಕೆಲಸ. ಪಿಎಚ್.ಡಿ.ಗೆ ಬೇಕಾದ ಅರ್ಜಿ ತಂದಿದ್ದೀನಿ, ಸಹಿ ಮಾಡಿ" ಎಂದು ಚೀಲಕ್ಕೆ ಕೈಹಾಕಿದರು. ಮೂರು ವರ್ಷದಿಂದ ಅವಳು ಕಾದಿದ್ದ ಮಾತು ಅದು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ.

"ಅದು ಆಮೇಲೆ ಸರ್. ಅವತ್ತು ಆ ಮಾತನ್ನ ನನ್ನ ವಿದ್ಯಾರ್ಥಿಗಳ ಮುಂದೆ ಹೇಳಿದ್ರಿ. ಅವರು ಹೊರಗೇ ಇದ್ದಾರೆ. ಕರೀತೀನಿ."

ಅವರ ಮುಖ ಕೆಂಪಾಯಿತು. ಎದ್ದು ಹೋಗಿಬಿಡುತ್ತಾರೆ, ಇವಳು ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಕೊಂಡಳು ಎಂದುಕೊಂಡೆ. ಅವಳ ಕೈ ಸೀರೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಆದರೆ ಕಣ್ಣು ಕೆಳಗಿಳಿಯಲಿಲ್ಲ. ಕೊನೆಗೆ ಅವರೇ, "ಕರೀರಿ" ಎಂದರು.

ಎಲ್ಲರೂ ಬಂದು ಗೋಡೆಗಂಟಿ ನಿಂತರು. ಮಧುಕುಮಾರ್ ಗಂಟಲು ಸರಿಮಾಡಿಕೊಂಡು ಗೋಡೆಯ ಮೇಲಿನ ಫೋಟೋ ತೋರಿಸಿದರು. ಇಷ್ಟು ದಿನವೂ ಅವಳು ಅದನ್ನು ತೆಗೆದಿರಲಿಲ್ಲ. "ಈ ಫೋಟೋ ನಿಜವಾದದ್ದು. ನಿಮ್ಮ ಮೇಡಂ ಸುಳ್ಳು ಹೇಳಿರಲಿಲ್ಲ. ಅವತ್ತು ನಾನು ಆಡಿದ ಮಾತೇ ಸುಳ್ಳು. ಕ್ಷಮಿಸಿ" ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ, ಇರಲಿ.

ಯಾರೂ ನಗಲಿಲ್ಲ. ಹಿಂದೆ ನಿಂತಿದ್ದ ಭವ್ಯಾ ತಲೆ ತಗ್ಗಿಸಿಕೊಂಡು ಮುಂದೆ ಬಂದಳು. "ಮಿಸ್, ನಾನೂ ನೋಡ್ಲಾ?" ಎಂದಳು.

ಹೇಮಾಶ್ರೀ ಕಿಟಕಿಯ ಬಟ್ಟೆ ಮತ್ತೆ ಇಳಿಬಿಟ್ಟು, ದೀಪವನ್ನು ಆ ಹುಡುಗಿಯ ಕೈಗೆ ಕೊಟ್ಟಳು.

"ನೋಡು. ಕೆಟ್ಟಿದ್ದನ್ನ ಮೊದಲು ನೋಡು."